ದೇವಬಾಗ, ಹಾಫ್ ಮೂನ್, ಅಗೋಂದ: ಬೆಳಗಾವಿಯಿಂದ ಮೂರು ಕಡಲು, ಮೂರು ಥರದ ನಿದ್ದೆ

ವಡಗಾವಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಹೆಸರಿಗೆ ಜೆರಾಕ್ಸ್, ಕೆಲಸವೆಲ್ಲ ಆನ್‌ಲೈನ್ ಅರ್ಜಿಯದ್ದು. ಪಹಣಿ, ಜಾತಿ-ಆದಾಯ, ಸ್ಕಾಲರ್‌ಶಿಪ್, ಪ್ಯಾನ್ ಕಾರ್ಡು. ಬೆಳಿಗ್ಗೆ ಹತ್ತಕ್ಕೆ ಶಟರ್ ಎತ್ತಿದರೆ ರಾತ್ರಿ ಎಂಟರವರೆಗೆ ಬಾಯಿಗೆ ಬಿಡುವಿಲ್ಲ. ಬೆಳಗಾವಿ ಅಲ್ವಾ, ಒಬ್ಬರು ಕನ್ನಡದಲ್ಲಿ ಕೇಳುತ್ತಾರೆ, ಹಿಂದೆ ನಿಂತವರು ಮರಾಠಿಯಲ್ಲಿ, ಅವರ ಹಿಂದಿನವರು ಹಿಂದಿಯಲ್ಲಿ. ‘ಸರ್ವರ್ ಡೌನ್ ಇದೆ’ ಅನ್ನುವುದನ್ನು ದಿನವಿಡೀ ಮೂರು ಭಾಷೆಯಲ್ಲಿ ಹೇಳುತ್ತಿರುತ್ತೇನೆ. ‘ಆರಾಮ ಅದೀರಿ?’ ಅಂತ ಯಾರಾದರೂ ಕೇಳಿದರೆ ‘ಹೂಂ ರೀ, ಆರಾಮ’ ಅನ್ನುತ್ತೇನೆ. ಅದೂ ಒಂದು ಅರ್ಜಿ ತುಂಬಿದ ಹಾಗೆಯೇ.

ಎರಡು ವರ್ಷದಲ್ಲಿ ಮೂರು ಸಲ ಶಟರ್ ಎಳೆದು ಕಡಲಿಗೆ ಹೋಗಿ ಬಂದೆ. ಪ್ರತಿ ಸಲವೂ ಮೂರು ರಾತ್ರಿ. ನಿಯಮ ಒಂದೇ: ಊರು ನೋಡುವುದಿಲ್ಲ, ಗುಡಿ-ಕೋಟೆ ಸುತ್ತುವುದಿಲ್ಲ, ಅಲೆಯ ಸದ್ದು ಕೇಳುವ ಕೋಣೆಯಲ್ಲಿ ಸುಮ್ನೆ ಬಿದ್ದುಕೊಳ್ಳುವುದು. ಬೆಳಗಾವಿಗೆ ಸ್ವಂತ ಸಮುದ್ರ ಇಲ್ಲ, ಆದರೆ ಮೂರು ರಾಜ್ಯದ ಸಮುದ್ರ ಹತ್ತಿರ. ಶಿನೋಳಿ ದಾಟಿ ಆಂಬೋಲಿ ಘಟ್ಟ ಇಳಿದರೆ ಮಹಾರಾಷ್ಟ್ರದ್ದು, ಖಾನಾಪುರ-ಲೋಂಡಾ ಹಿಡಿದು ಅನಮೋಡ ಇಳಿದರೆ ಗೋವಾದ್ದು, ಯಲ್ಲಾಪುರದ ಮೇಲೆ ಅರಬೈಲ್ ಇಳಿದರೆ ನಮ್ಮದೇ ಉತ್ತರ ಕನ್ನಡದ್ದು. ಮೂರೂ ಘಟ್ಟ ಇಳಿದು ನೋಡಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೂರು ಸಲವೂ ಜೊತೆಗಿದ್ದವರು ಬೇರೆ, ತಿಂಗಳು ಬೇರೆ. ಹಾಗಾಗಿ ತಕ್ಕಡಿ ಪೂರ್ತಿ ಸಮ ಇಲ್ಲ. ಬದಲಾಗದೆ ಇದ್ದದ್ದು ಒಂದೇ, ಖಡಕ್ ರೊಟ್ಟಿಯ ಡಬ್ಬಿ. ಮನೆ ಬಿಟ್ಟು ಎಲ್ಲಿಗೆ ಹೊರಟರೂ ಇಪ್ಪತ್ತು ಜೋಳದ ರೊಟ್ಟಿ, ಒಂದು ಬಾಟಲಿ ಶೇಂಗಾ ಚಟ್ನಿ ಹೋಗಲೇಬೇಕು, ಇದು ನಮ್ಮ ಅತ್ತೆಯ ಕಾನೂನು.

ಮೊದಲು ಹೋಗಿದ್ದು ಮಹಾರಾಷ್ಟ್ರದ ದೇವಬಾಗಕ್ಕೆ. ಮಾಲವಣದಿಂದ ತಾರಕರ್ಲಿ ದಾಟಿ ಇನ್ನೂ ಮುಂದೆ, ರಸ್ತೆ ಮುಗಿಯುವ ಕಡೆ. ಡಿಸೆಂಬರ್ ತಿಂಗಳು, ಗಂಡ ಮತ್ತು ಅತ್ತೆ ಜೊತೆ. ಹಿಂಡಲಗಾ ಕಡೆಯ ರಸ್ತೆಗೆ ನಮ್ಮೂರಲ್ಲಿ ಇವತ್ತಿಗೂ ವೆಂಗುರ್ಲಾ ರೋಡ್ ಅನ್ನುತ್ತಾರೆ. ರೈಲು ಬರುವ ಮುಂಚೆ ಬೆಳಗಾವಿಗೆ ಬಂದರು ಅಂದರೆ ವೆಂಗುರ್ಲಾನೇ ಆಗಿತ್ತು. ಬೆಳಗಾವಿ ಇರುವುದು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲೆ. ಆಂಬೋಲಿಯವರೆಗೂ ಆ ಎತ್ತರ ಹೆಚ್ಚು ಕಡಿಮೆ ಹಾಗೇ ಇರುತ್ತದೆ, ಆಮೇಲೆ ಘಟ್ಟದಲ್ಲಿ ಒಂದೇ ಸಲಕ್ಕೆ ಜಾರುತ್ತದೆ. ಅತ್ತೆಗೆ ಕಿವಿ ಕಟ್ಟಿತು. ಸಾವಂತವಾಡಿಗೆ ಬರುವಷ್ಟರಲ್ಲಿ ಸ್ವೆಟರ್ ಬಿಚ್ಚಿ ಮಡಿಚಿ ಚೀಲಕ್ಕೆ ಹಾಕಿದ್ದರು. ನಾಲ್ಕೂವರೆ ಗಂಟೆಯ ದಾರಿ, ಮೂರರಲ್ಲಿ ಇದೇ ಸುಲಭ.

ದೇವಬಾಗ ಒಂದು ಉದ್ದನೆಯ ಪಟ್ಟಿ. ಈ ಕಡೆ ಕರ್ಲಿ ನದಿ, ಆ ಕಡೆ ಅರಬ್ಬಿ ಸಮುದ್ರ, ನಡುವೆ ತೆಂಗಿನ ತೋಟ, ತೋಟದೊಳಗೆ ಮನೆಗಳು. ನಮಗೆ ಸಿಕ್ಕಿದ್ದು ಒಂದು ಮನೆಯ ಹಿಂದಿನ ಎರಡು ಕೋಣೆ, ರಾತ್ರಿಗೆ 2,200 ರೂಪಾಯಿ. ಮನೆಯೊಡತಿ ಕಾಕು ನಮ್ಮೂರು ಕೇಳಿದವರೇ ‘ಬೆಳಗಾವ್? ಮಗ ಕುಂದಾ ಕುಠೆ?’ ಅಂದರು, ಹಾಗಾದರೆ ನಿಮ್ಮೂರಿನ ಸಿಹಿ ಕುಂದಾ ಎಲ್ಲಿ ಅಂತ. ಗಡಿ ವಿಷಯ ಎತ್ತುತ್ತಾರೇನೋ ಅಂತ ಅಂದುಕೊಂಡಿದ್ದೆ. ಕುಂದಾ ತರದೆ ಬಂದಿದ್ದೇ ದೊಡ್ಡ ಅಪರಾಧ ಆಯಿತು.

ಅತ್ತೆ ಮೀನು ಮುಟ್ಟುವವರಲ್ಲ. ಮಾಲವಣಿ ಊಟ ಅಂದರೆ ಸುರಮಯಿ, ಬಾಂಗಡೆ ಮೀನು, ಕೋಳಿ ಸಾರಿನ ಜೊತೆ ಕೊಡುವ ಕೋಂಬಡಿ ವಡೆ. ಏನು ತಿನ್ನುತ್ತಾರಪ್ಪ ಅಂತ ಚಿಂತೆ ಇತ್ತು. ಕಾಕು ಅವರಿಗೆ ಬೇರೆ ಒಲೆಯಲ್ಲಿ ಹಲಸಂದೆ ಉಸಳಿ, ಅನ್ನ, ಮತ್ತು ಒಂದು ತಂಬಿಗೆ ಸೋಲಕಡಿ ಮಾಡಿಟ್ಟರು. ಸೋಲಕಡಿ ಮಾಡುವುದನ್ನು ಅತ್ತೆ ಪಕ್ಕದಲ್ಲೇ ಕೂತು ನೋಡಿದರು. ಒಣ ಕೋಕಮ್ಮನ್ನು ನೀರಲ್ಲಿ ನೆನೆಹಾಕಿ ಹಿಂಡಿದರೆ ನೀರು ಕೆಂಪಗೆ ಆಗುತ್ತದೆ. ಅದಕ್ಕೆ ತೆಂಗಿನ ಹಾಲು ಬಿದ್ದ ಕೂಡಲೇ ತಿಳಿ ಗುಲಾಬಿ. ಮೇಲೆ ಬೆಳ್ಳುಳ್ಳಿ, ಹಸಿಮೆಣಸು, ಕೊತ್ತಂಬರಿ. ‘ಇದು ನಮ್ಮ ಆಮಸೂಲನ ಅಲ್ಲೇನು? ನಾವು ಸುಮ್ನ ಸಾರಿಗೆ ಹಾಕಿ ಹಾಳು ಮಾಡೇವಿ’ ಅಂದರು. ಮೂರು ದಿನವೂ ಊಟ ಆದಮೇಲೆ ಎರಡು ಲೋಟ ಕುಡಿದರು.

ಎರಡನೇ ದಿನ ಬೆಳಿಗ್ಗೆ ಹೊರಗೆ ಗದ್ದಲ. ಹೋಗಿ ನೋಡಿದರೆ ರಾಪಣ ಎಳೆಯುತ್ತಿದ್ದರು. ಉತ್ತರ ಕನ್ನಡದಲ್ಲಿ ರಂಪಣಿ ಅನ್ನುತ್ತಾರಲ್ಲ, ಅದೇ. ನಸುಕಿನಲ್ಲಿ ದೋಣಿಯಲ್ಲಿ ಹೋಗಿ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು ಬರುತ್ತಾರೆ, ಆಮೇಲೆ ಎರಡೂ ತುದಿಯ ಹಗ್ಗವನ್ನು ದಡದಿಂದ ಎಳೆಯುವುದು. ಒಂದೊಂದು ಹಗ್ಗಕ್ಕೆ ಹದಿನೈದು ಇಪ್ಪತ್ತು ಜನ. ಹಗ್ಗವನ್ನು ಸೊಂಟಕ್ಕೆ ಆನಿಸಿಕೊಂಡು ಹಿಂದಕ್ಕೆ ಒರಗಿ, ಹಿಮ್ಮಡಿಯಿಂದ ಮರಳು ತೋಡುತ್ತಾ ಹಿಂದೆ ಹಿಂದೆ ನಡೆಯುತ್ತಾರೆ. ತುದಿ ಮುಟ್ಟಿದವರು ಬಿಟ್ಟು ಓಡಿಹೋಗಿ ಮತ್ತೆ ನೀರಿನ ಹತ್ತಿರ ಹಗ್ಗ ಹಿಡಿಯುತ್ತಾರೆ. ಪ್ರವಾಸಿಗರೂ ಕೈ ಹಾಕಬಹುದು, ಯಾರೂ ಬೇಡ ಅನ್ನುವುದಿಲ್ಲ. ನಾನು ಫೋನ್ ತೆಗೆಯುವಷ್ಟರಲ್ಲಿ ಅತ್ತೆ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಹಗ್ಗಕ್ಕೆ ನಿಂತಿದ್ದರು! ಅರವತ್ತೆಂಟು ವಯಸ್ಸು, ಮೊಣಕಾಲು ನೋವಿನ ಮಾತ್ರೆ ಬೇರೆ. ಮುಕ್ಕಾಲು ಗಂಟೆ ಎಳೆದರು. ಬಲೆಯ ಹೊಟ್ಟೆ ದಡಕ್ಕೆ ಬಂದಾಗ ತಾರ್ಲಿ ಮೀನು ಬೆಳ್ಳಿ ಚೂರಿನ ಹಾಗೆ ಪಟಪಟ ಅನ್ನುತ್ತಿತ್ತು, ನಡುನಡುವೆ ಎರಡು ಅಂಬಲಿ ಮೀನು, ಅದೇ ಜೆಲ್ಲಿಫಿಶ್. ಎಳೆದವರಿಗೆಲ್ಲ ಪಾಲು ಅಂತ ಒಬ್ಬಾತ ಅತ್ತೆಯ ಮುಂದೆ ಒಂದು ಹಿಡಿ ಮೀನು ಇಟ್ಟ. ಅವರು ನನ್ನ ಮುಖ ನೋಡಿದರು. ಕಾಕುಗೆ ಕೊಟ್ಟು ಬಂದು ಮೂರು ಸಲ ಮರಳು ಹಚ್ಚಿ ಕೈ ತೊಳೆದುಕೊಂಡರು. ಅವತ್ತು ಮಧ್ಯಾಹ್ನ ಅವರು ಮಲಗಿದ ನಿದ್ದೆ ನಾನು ಮದುವೆಯಾದ ಮೇಲೆ ಯಾವತ್ತೂ ನೋಡಿರಲಿಲ್ಲ.

ಇನ್ನು ದೇವಬಾಗದ ಕೊರತೆ. ಒಂಬತ್ತು ಗಂಟೆ ಆದಮೇಲೆ ಅದು ಬೇರೆಯೇ ಊರು. ನದಿ ಕಡಲು ಸೇರುವ ಸಂಗಮಕ್ಕೆ, ಸುನಾಮಿ ದ್ವೀಪ ಅಂತ ಕರೆಯುವ ಮರಳದಿಬ್ಬಕ್ಕೆ, ಪ್ಯಾರಾಸೇಲಿಂಗ್‌ಗೆ, ಸ್ಕೂಬಾಗೆ ದೋಣಿಗಳು ಸಾಲುಗಟ್ಟುತ್ತವೆ. ಶನಿವಾರ ಬಂತೋ ಮುಗೀತು, ಕೊಲ್ಲಾಪುರ, ಸಾಂಗ್ಲಿ, ನಮ್ಮ ಬೆಳಗಾವಿಯ ಕಾರುಗಳೇ. ಕಾಕುಗೆ ಗೊತ್ತಿರುವ ಹುಡುಗ, ಅವರಿಗೆ ಗೊತ್ತಿರುವ ಬೋಟು ಅಂತ ದಿನಕ್ಕೆ ನಾಲ್ಕು ಜನ ಬಾಗಿಲಿಗೆ ಬರುತ್ತಾರೆ. ಗಂಡ ನಿಯಮ ಮುರಿದು ಸ್ಕೂಬಾಗೆ ಹೋದ. ಸಿಂಧುದುರ್ಗ ಕೋಟೆಯ ಹತ್ತಿರ ಕರೆದುಕೊಂಡು ಹೋಗಿ, ನೀರೊಳಗೆ ಇಳಿಸಿ, ಹತ್ತೇ ನಿಮಿಷಕ್ಕೆ ಮೇಲೆತ್ತಿ, ಫೋಟೋಕ್ಕೆ ಬೇರೆ ದುಡ್ಡು ಕೇಳಿದರಂತೆ. ಯಾರು ಅಂತ ಹೇಳುವುದಿಲ್ಲ. ದುಡ್ಡು ಕೊಡುವ ಮುಂಚೆ ಎಷ್ಟು ನಿಮಿಷ, ಫೋಟೋ ಸೇರಿದೆಯಾ ಇಲ್ಲವಾ ಅಂತ ಎರಡೇ ಪ್ರಶ್ನೆ ಕೇಳಿಬಿಡಿ.

ನಾನು ಆರಾಮಾದೆನಾ? ಅರ್ಧ. ಮರಾಠಿ ಬರುತ್ತದಲ್ಲ, ಕಾಕು ಮಾತಾಡಿಸಿದಾಗಲೆಲ್ಲ ಉತ್ತರ ಕೊಡಬೇಕು. ಅವರ ಮಗಳ ಕಾಲೇಜು ಫಾರ್ಮ್‌ ಒಂದನ್ನು ಕೊನೆಯ ರಾತ್ರಿ ಫೋನಿನಲ್ಲೇ ತುಂಬಿಕೊಟ್ಟೆ. ಚಟ ಅನ್ನಿ. ರೊಟ್ಟಿ ಎರಡನೇ ದಿನದವರೆಗೆ ಖಡಕ್ ಇತ್ತು, ಮೂರನೇ ದಿನ ಚಪ್ಪಲಿ.

ಎರಡನೆಯದು ಗೋಕರ್ಣದ ಹಾಫ್ ಮೂನ್. ಮುಂದಿನ ವರ್ಷದ ಜನವರಿ. ಕಾಲೇಜಿನ ಇಬ್ಬರು ಗೆಳತಿಯರು. ಅವರಿಗೆ ‘ಕಾರು ಹೋಗದ ಜಾಗ’ ಬೇಕಿತ್ತು. ಯಾವ ದಾರಿ ಹಿಡಿದರೂ 220 ಕಿಲೋಮೀಟರಿನ ಮೇಲೆಯೇ. ಬಸ್ಸಿನಲ್ಲಿ ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ. ಅಂಕೋಲಾ ದಾಟಿ ಹೆದ್ದಾರಿಯಲ್ಲಿ ಶಿರೂರಿನ ಆ ಗುಡ್ಡ ಬಂದಾಗ ಬಸ್ಸಿನಲ್ಲಿ ಮಾತು ನಿಂತಿತು. 2024ರ ಜುಲೈಯಲ್ಲಿ ಕುಸಿದ ಗುಡ್ಡ. ಒಂದು ಪಕ್ಕ ಕೆಂಪು ಮಣ್ಣು ಇನ್ನೂ ಹಸಿ ಗಾಯದ ಹಾಗಿತ್ತು, ಇನ್ನೊಂದು ಪಕ್ಕ ಗಂಗಾವಳಿ ಏನೂ ಆಗದವಳ ಹಾಗೆ ಹರಿಯುತ್ತಿದ್ದಳು.

ಗೋಕರ್ಣದ ಕಡಲತೀರಗಳು ದಕ್ಷಿಣಕ್ಕೆ ಒಂದರ ಪಕ್ಕ ಒಂದು: ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್. ಓಂ ಬೀಚಿನವರೆಗೆ ಆಟೋ ಬರುತ್ತದೆ. ಅಲ್ಲಿಂದ ಮುಂದೆ ಗುಡ್ಡದ ಕಾಲುದಾರಿ, ಇಲ್ಲವೇ ದೋಣಿ. ನಾವು ನಡೆದೆವು. ನಾನು ತಂದಿದ್ದು ಗಾಲಿ ಇರುವ ಬ್ಯಾಗು. ಜಂಬಿಟ್ಟಿಗೆ ಕಲ್ಲಿನ ಮೇಲೆ ಗಾಲಿ ಬ್ಯಾಗು ಎಳೆದದ್ದನ್ನು ನನ್ನ ಗೆಳತಿಯರು ಇವತ್ತಿಗೂ ಮರೆತಿಲ್ಲ. ಅರ್ಧ ಗಂಟೆಯ ದಾರಿಗೆ ಒಂದು ಗಂಟೆ ಆಯಿತು.

ಆದರೆ ಕೊನೆಯ ತಿರುವಿನಲ್ಲಿ ಕೆಳಗೆ ಆ ಪುಟ್ಟ ಕೊಲ್ಲಿ ಕಂಡಾಗ ಬೈಗುಳ ನಿಂತುಹೋಯಿತು. ಮೂರು ಊರಿನಲ್ಲಿ ನೋಟಕ್ಕೆ ಇದೇ ಮೊದಲು, ಅದರಲ್ಲಿ ವಾದವೇ ಇಲ್ಲ. ಎರಡೂ ಕಡೆ ಬಂಡೆ, ನಡುವೆ ಅಂಗಳದಷ್ಟು ಮರಳು. ಗುಡಿಸಲು 900 ರೂಪಾಯಿ. ಒಂದು ತೆಳು ಗಾದಿ, ಸೊಳ್ಳೆ ಪರದೆ, ಒಂದು ಬಲ್ಬು. ಶೌಚಾಲಯ ಎಲ್ಲರಿಗೂ ಸೇರಿ ಹೊರಗೆ. ನಾವಿದ್ದ ಕಡೆ ರಾತ್ರಿ ಹತ್ತರ ಮೇಲೆ ಕರೆಂಟು ಇರಲಿಲ್ಲ. ಒಂದು ರಾತ್ರಿ ಅಲೆ ಒಡೆಯುವ ಕಡೆ ನೀರು ನೀಲಿಯಾಗಿ ಮಿಂಚಿತು. ಕೈ ಆಡಿಸಿದರೆ ಬೆರಳಿನ ಸುತ್ತ ಕಿಡಿ. ನೀರಿನ ಸೂಕ್ಷ್ಮಜೀವಿಗಳು ಅಲುಗಾಡಿದಾಗ ಹಾಗೆ ಬೆಳಗುತ್ತವೆ ಅಂತ ಓದಿದ್ದೆ. ಓದುವುದು ಬೇರೆ, ಸ್ವಂತ ಕೈ ಹೊಳೆಯುವುದು ಬೇರೆ.

ಇಷ್ಟಾದರೂ ನಾನು ಅಲ್ಲಿ ಆರಾಮಾಗಲಿಲ್ಲ. ಬೆನ್ನು ನೋವು ಒಂದು ಕಾರಣ. ಇನ್ನೊಂದು ಹೇಳಿದರೆ ನಗುತ್ತೀರಿ. ಪಕ್ಕದ ಗುಡಿಸಲಿನಲ್ಲಿ ಧಾರವಾಡದ ಹುಡುಗರು. ಬೆಳಗಿನ ಜಾವದವರೆಗೆ ಯಾರದೋ ವರ್ಗಾವಣೆ, ಯಾರದೋ ಲವ್ವು, ಯಾರೋ ತಿರುಗಿ ಕೊಡದ ಎಂಟು ಸಾವಿರ. ಗುಡಿಸಲಿನ ಗೋಡೆ ತೆಂಗಿನ ತಟ್ಟಿ, ಒಂದಕ್ಷರ ತಪ್ಪದೆ ಕೇಳುತ್ತದೆ. ನಮ್ಮದೇ ಭಾಷೆ ನೋಡಿ, ಬೇಡ ಅಂದರೂ ಕಿವಿ ಎತ್ತಿಕೊಳ್ಳುತ್ತದೆ. ಆ ಎಂಟು ಸಾವಿರ ಕೊನೆಗೆ ಸಿಕ್ಕಿತಾ ಅಂತ ನನಗೆ ಈಗಲೂ ಕುತೂಹಲ ಇದೆ. ಮಾರನೇ ದಿನ ಚಹಾ ಕುಡಿಯುತ್ತಾ ಕೂತಿದ್ದೆ. ಓಂ ಬೀಚಿನಿಂದ ನಡೆದು ಬಂದ ಒಂದು ಕುಟುಂಬ ನನ್ನನ್ನೇ ನೋಡುತ್ತಿತ್ತು. ‘ಮೇಡಂ, ನೀವು ವಡಗಾವಿ ಜೆರಾಕ್ಸ್ ಅಂಗಡಿಯವರಲ್ರೀ?’ ಹೌದು ಅಂದೆ. ‘ರೇಷನ್ ಕಾರ್ಡ್‌ನ್ಯಾಗ ನಮ್ಮ ಸೊಸಿ ಹೆಸರು ಸೇರಸೂದಿತ್ರೀ.’ ಮುಂದೆ ಕಡಲು, ಹಿಂದೆ ಗುಡ್ಡ, ಕಾರು ಬಾರದ ಜಾಗ. ನಾನು ಬೇಕಾಗುವ ದಾಖಲೆಗಳ ಪಟ್ಟಿ ಹೇಳುತ್ತಾ ಕೂತಿದ್ದೆ.

ಇಪ್ಪತ್ತೈದರೊಳಗಿನವರಿಗೆ ಹಾಫ್ ಮೂನ್ ಕಣ್ಣು ಮುಚ್ಚಿ ಹೇಳುತ್ತೇನೆ. ನಲವತ್ತು ದಾಟಿದವರು ಹಗಲು ದೋಣಿಯಲ್ಲಿ ಹೋಗಿ, ನೋಡಿ, ಸಂಜೆ ಕುಡ್ಲೆಗೆ ವಾಪಸ್ ಬಂದು ಒಳ್ಳೆಯ ಮಂಚದ ಮೇಲೆ ಮಲಗಿ. ಕತ್ತಲಾದ ಮೇಲೆ ಆ ಕಾಲುದಾರಿಯಲ್ಲಿ ನಡೆಯುವ ಸಾಹಸ ಮಾತ್ರ ಬೇಡ, ಒಂದು ಪಕ್ಕ ನೇರ ಬಂಡೆಯೇ. ಊಟದ ಬಗ್ಗೆ ಹೇಳುವಂಥದ್ದೇನಿಲ್ಲ, ಅನ್ನ-ಮೀನು ಚೆನ್ನಾಗಿತ್ತು, ಉಳಿದದ್ದೆಲ್ಲ ನೂಡಲ್ಸು. ರೊಟ್ಟಿ? ಡಬ್ಬಿಯ ಮುಚ್ಚಳ ಸರಿಯಾಗಿ ಹಾಕಿರಲಿಲ್ಲ, ಇರುವೆಗಳು ತೀರ್ಪು ಕೊಟ್ಟವು.

ಮೂರನೆಯದು ಅಗೋಂದ, ದಕ್ಷಿಣ ಗೋವಾದ ಕಾಣಕೋಣ ತಾಲ್ಲೂಕು. ಅದೇ ವರ್ಷದ ಮಾರ್ಚ್, ನಾನು ಮತ್ತು ಗಂಡ ಇಬ್ಬರೇ. ಗೋವಾ ಅಂದರೆ ನಮ್ಮೂರಲ್ಲಿ ಒಂದು ನಗು ನಗುತ್ತಾರಲ್ಲ, ಆ ಗೋವಾ ಇದಲ್ಲ. ಖಾನಾಪುರ, ಲೋಂಡಾ, ರಾಮನಗರ, ಅನಮೋಡ ಘಟ್ಟ, ಮೋಲೆಂ. ಕಾರು ಬೇಡ ಅನ್ನುವವರು ಲೋಂಡಾದಿಂದ ಕ್ಯಾಸಲ್‌ರಾಕ್, ದೂಧಸಾಗರ ದಾರಿಯ ರೈಲಿನಲ್ಲಿ ಮಡಗಾಂವ್‌ಗೆ ಇಳಿದು, ಅಲ್ಲಿಂದ ಕೊಂಕಣ ರೈಲಿನಲ್ಲಿ ಕಾಣಕೋಣಕ್ಕೆ ಹೋಗಬಹುದು. ಸಮಯ ಜಾಸ್ತಿ, ಆದರೆ ಆ ಘಟ್ಟವನ್ನು ರೈಲಿನ ಕಿಟಕಿಯಿಂದಲೇ ನೋಡಬೇಕು.

ಅಗೋಂದದಲ್ಲಿ ಒಂದೇ ಬೀದಿ, ಬೀದಿಗೆ ಸಮಾನಾಂತರವಾಗಿ ಉದ್ದನೆಯ ಬಿಳಿ ಮರಳು. ದಡದ ಗುಡಿಸಲುಗಳೆಲ್ಲ ಮಳೆಗಾಲದ ಮುಂಚೆ ಬಿಚ್ಚಿಟ್ಟು ಮಳೆ ನಿಂತ ಮೇಲೆ ಮತ್ತೆ ಕಟ್ಟುವಂಥವು. ಕಡಲಿಗೆ ಮುಖ ಮಾಡಿದ್ದಕ್ಕೆ ರಾತ್ರಿಗೆ 3,800 ಕೇಳಿದರು, ಹಿಂದಿನ ಸಾಲಿನದ್ದು 2,000. ಹಿಂದಿನದ್ದೇ ತೆಗೆದುಕೊಂಡೆವು. ಮಲಗಿದಾಗ ಕಣ್ಣು ಮುಚ್ಚಿರುತ್ತದೆ, ಅಲೆಯ ಸದ್ದಿಗೆ ಸಾಲು ಲೆಕ್ಕವಿಲ್ಲ.

ಈ ಊರಿನ ಗುಟ್ಟು ಆಮೆ. ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡಲು ಬರುವ ಗೋವಾದ ಕೆಲವೇ ದಡಗಳಲ್ಲಿ ಅಗೋಂದ ಒಂದು, ಅದೇ ತಾಲ್ಲೂಕಿನ ಗಾಲ್ಜಿಬಾಗ ಇನ್ನೊಂದು. ಅದಕ್ಕೇ ಇಲ್ಲಿ ರಾತ್ರಿ ಜೋರು ಹಾಡಿಲ್ಲ, ಕಡಲಿಗೆ ಮುಖ ಮಾಡಿದ ಫ್ಲಡ್‌ಲೈಟ್ ಇಲ್ಲ. ಮೊಟ್ಟೆಯಿಂದ ಹೊರಬಂದ ಮರಿ ಬೆಳಕು ಜಾಸ್ತಿ ಕಾಣುವ ಕಡೆ ತೆವಳುತ್ತದೆ. ಕತ್ತಲ ರಾತ್ರಿಯಲ್ಲಿ ಆ ಬೆಳಕು ಕಡಲ ಮೇಲಿನದ್ದು. ದಡದಲ್ಲಿ ಹೋಟೆಲಿನ ದೀಪ ಉರಿದರೆ ಮರಿ ದಾರಿ ತಪ್ಪಿ ರಸ್ತೆ ಕಡೆ ಬರುತ್ತದೆ. ಅವುಗಳ ಸಲುವಾಗಿ ಮಾಡಿದ ಕತ್ತಲೆಯಲ್ಲಿ ನಮ್ಮಂಥವರಿಗೂ ನಿದ್ದೆ ಬರುತ್ತದೆ.

ಮೊದಲ ರಾತ್ರಿ ಹತ್ತು ಗಂಟೆ ಮಲಗಿದೆ. ಎದ್ದಾಗ ಗಂಡ ಗಾಬರಿಯಿಂದ ಹಣೆ ಮುಟ್ಟಿ ನೋಡುತ್ತಿದ್ದ. ‘ಆರಾಮ ಇಲ್ಲೇನು?’ ಅಂದ. ನಮ್ಮ ಕಡೆ ಆರಾಮ ಇಲ್ಲ ಅಂದರೆ ಜ್ವರ ತಾನೇ.

ಅಲ್ಲಿಯ ಮಾತು ಕೊಂಕಣಿ. ಮರಾಠಿ ಬರುವವರಿಗೆ ಹತ್ತರಲ್ಲಿ ನಾಲ್ಕು ಪದ ಸಿಗುತ್ತವೆ, ಆರು ಜಾರಿಹೋಗುತ್ತವೆ. ಬೆಳಿಗ್ಗೆ ಮೀನು ಮಾರುವ ಹೆಂಗಸು ಪಕ್ಕದ ಗುಡಿಸಲಿನವಳ ಜೊತೆ ಜೋರಾಗಿ ಜಗಳವಾಡುತ್ತಿದ್ದಳು. ನನಗೆ ಅದು ಕಾಗೆಯ ಕೂಗಿನ ಹಾಗೆ, ಅಲೆಯ ಹಾಗೆ ಕೇಳಿಸಿತು. ಯಾರ ಪರ, ಎಷ್ಟು ದುಡ್ಡು, ಏನೂ ಗೊತ್ತಾಗಲಿಲ್ಲ. ಎಷ್ಟೋ ವರ್ಷದ ಮೇಲೆ ನನ್ನ ಕಿವಿಗೆ ರಜೆ ಸಿಕ್ಕಿತ್ತು. ಹಾಫ್ ಮೂನ್ ಎಷ್ಟೇ ಚೆಂದ ಇದ್ದರೂ ಇದು ಅಲ್ಲಿ ಸಿಗಲಿಲ್ಲ, ದೇವಬಾಗದಲ್ಲಂತೂ ಕಾಕು ಬಿಡಲಿಲ್ಲ.

ಮೂರನೇ ಸಂಜೆ ಬಲೆಯ ಬೇಲಿ ಹಾಕಿದ ಗೂಡಿನ ಹತ್ತಿರ ಅರಣ್ಯ ಇಲಾಖೆಯ ಕಾವಲುಗಾರ ಕೈಬೀಸಿ ಕರೆದ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ ಇರುತ್ತವೆ, 45ರಿಂದ 60 ದಿನಕ್ಕೆ ಒಡೆಯುತ್ತವೆ. ಅವತ್ತು ಒಡೆದಿದ್ದವು. ನಮ್ಮನ್ನು ದೂರ ನಿಲ್ಲಿಸಿ, ಫ್ಲ್ಯಾಶ್ ಹಾಕಬೇಡಿ ಅಂತ ಸನ್ನೆ ಮಾಡಿ, ನೀರಿನಿಂದ ಐದಾರು ಮಾರು ಈಚೆಗೆ ಮರಿಗಳನ್ನು ಮರಳ ಮೇಲೆ ಬಿಟ್ಟ. ಒಂದೊಂದು ಬಿಸ್ಕೀಟಿನಷ್ಟೇ, ಬೂದಿ ಕಪ್ಪು. ಮುಂದಿನ ಎರಡು ರೆಕ್ಕೆಯಿಂದ ಮರಳು ತಳ್ಳುತ್ತಾ, ನಿಲ್ಲುತ್ತಾ, ಮತ್ತೆ ತಳ್ಳುತ್ತಾ ಹೊರಟವು. ಹಿಂದೆ ಸೈಕಲ್ ಟೈರಿನ ಗುರುತಿನ ಹಾಗೆ ಸಣ್ಣ ಗೆರೆ. ಒಂದು ಮರಿ ಯಾರದೋ ಹೆಜ್ಜೆ ಗುಂಡಿಯಲ್ಲಿ ಬಿದ್ದು ಮಲಗಿಬಿಟ್ಟಿತು. ಎತ್ತಲು ಬಗ್ಗಿದೆ. ಕಾವಲುಗಾರ ಬೇಡ ಅಂತ ತಲೆಯಾಡಿಸಿದ. ಎರಡು ನಿಮಿಷ ಆದಮೇಲೆ ತಾನೇ ಹತ್ತಿತು. ಮೊದಲ ಅಲೆ ಅದನ್ನು ಹಿಂದಕ್ಕೆ ಉರುಳಿಸಿತು, ಎರಡನೆಯದು ಒಳಗೆ ಎಳೆದುಕೊಂಡಿತು. ಯಾರೂ ಮಾತಾಡಲಿಲ್ಲ, ಮಾತಾಡಲು ಸಾಮಾನ್ಯ ಭಾಷೆಯೂ ಇರಲಿಲ್ಲ.

ಅಗೋಂದಕ್ಕೂ ಕೊರತೆ ಇದೆ. ಒಂದು ಕಪ್ ಚಹಾಕ್ಕೆ 60 ರೂಪಾಯಿ, ಅದೂ ನಮ್ಮ ಖಡಕ್ ಚಹಾ ಅಲ್ಲ. ಮೆನು ಪೂರ್ತಿ ಬೇರೆ ದೇಶದ್ದು. ಎರಡನೇ ದಿನವೇ ನಾವು ರೊಟ್ಟಿ ಡಬ್ಬಿ ಬಿಚ್ಚಿದೆವು. ಮಾರ್ಚಿನ ಸೆಕೆಗೆ ಒಂದೇ ರಾತ್ರಿಯಲ್ಲಿ ಮೆತ್ತಗಾಗಿತ್ತು. ಹೋಟೆಲಿನವನು ತಟ್ಟೆಯಲ್ಲಿಟ್ಟ ಹಮ್ಮಸ್ ಅನ್ನುವ ಕಡಲೆ ಹಿಟ್ಟಿನಂಥದ್ದರ ಜೊತೆ ಗಂಡ ಅದನ್ನು ತಿಂದು ‘ನಡೀತದ’ ಅಂದ. ಕಡಲಿಗೆ ಸೆಳೆತ ಜಾಸ್ತಿ, ಮೊಣಕಾಲಿನ ಮೇಲೆ ನಾನು ಇಳಿಯಲಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವವರು ಇದನ್ನು ತಲೆಯಲ್ಲಿಟ್ಟುಕೊಳ್ಳಿ. ಅತ್ತೆಯನ್ನು ಅಲ್ಲಿಗೆ ಒಯ್ದರೆ ಎರಡನೇ ದಿನಕ್ಕೇ ‘ಏನ್ ಮಾಡೂದು ಇಲ್ಲಿ?’ ಅನ್ನುತ್ತಾರೆ. ಮಾಡಲು ಏನೂ ಇಲ್ಲದಿರುವುದು ನನಗೆ ಬೇಕಾಗಿತ್ತು, ಅವರಿಗೆ ಹಗ್ಗ ಬೇಕು.

ಖರ್ಚು ಇಟ್ಟು ನೋಡಿದರೆ ಹಾಫ್ ಮೂನ್ ಅರ್ಧಕ್ಕೆ ಮುಗಿಯಿತು. ದೇವಬಾಗ ಮತ್ತು ಅಗೋಂದ ಹೆಚ್ಚು ಕಡಿಮೆ ಒಂದೇ ಬಂತು, ಏಕೆಂದರೆ ದೇವಬಾಗದಲ್ಲಿ ಊಟ ಅಗ್ಗ, ದೋಣಿ ದುಬಾರಿ. ಅಗೋಂದದಲ್ಲಿ ದೋಣಿಯೇ ಇಲ್ಲ, ಚಹಾ ದುಬಾರಿ. ಮನೆಮಂದಿ, ವಯಸ್ಸಾದವರು ಇದ್ದರೆ ದೇವಬಾಗ, ಆದರೆ ಸೋಮವಾರದಿಂದ ಗುರುವಾರದೊಳಗೆ. ನನಗೆ ಒಂದೇ ಕಡೆ ಅಂದರೆ ಅಗೋಂದ, ಅದೂ ಹಿಂದಿನ ಸಾಲು.

ಅತ್ತೆ ದೀಪಾವಳಿ ಮುಗಿದಾಗಿನಿಂದ ‘ಆ ಹಗ್ಗ ಎಳ್ಯೂ ಊರಿಗೆ ಯಾವಾಗ ಹೋಗೂದು?’ ಅಂತ ಶುರು ಮಾಡಿದ್ದಾರೆ. ಡಿಸೆಂಬರಿಗೆ ಕಾಕುಗೆ ಫೋನ್ ಮಾಡಿ ಕೋಣೆ ಹೇಳಿಟ್ಟಿದ್ದೇನೆ, ಎರಡು ಕಿಲೋ ಕುಂದಾ ಒಯ್ಯುತ್ತೇವೆ. ಫೆಬ್ರವರಿಯಲ್ಲಿ ನಾವಿಬ್ಬರೇ ಅಗೋಂದಕ್ಕೆ. ಶಟರಿಗೆ ಅಂಟಿಸಲು ಹಾಳೆ ಈಗಲೇ ಪ್ರಿಂಟ್ ತೆಗೆದಿಟ್ಟಿದ್ದೇನೆ: ‘ನಾಲ್ಕು ದಿನ ಅಂಗಡಿ ಬಂದ್.’ ಮೂರು ಭಾಷೆಯಲ್ಲಿ. ಕೆಳಗೆ ಫೋನ್ ನಂಬರ್ ಹಾಕಿಲ್ಲ.